‘ನಿಮ್ದು ಯಾವೂರು?’: ನೆಲೆ ಬದಲಿಸಿದವರ ಬಗ್ಗೆ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳುವ ಮೊದಲೇ ‘ನಿಮ್ದು ಯಾವೂರು?’ ಅಂತ ಕೇಳುತ್ತಾರೆ. ಹೆಚ್ಚಿನವರು ತಟ್ಟನೆ ಉತ್ತರ ಕೊಡುತ್ತಾರೆ. ಕೆಲವರಿಗೆ ಮಾತ್ರ ಅದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಈಗ ಇರುವ ಊರು ಒಂದು, ತಾತನ ಊರು ಇನ್ನೊಂದು. ಆ ಇನ್ನೊಂದು ಊರು ನೀರೊಳಗಿರಬಹುದು, ಕಾಡೊಳಗಿರಬಹುದು, ಬೇರೆ ದೇಶದಲ್ಲೇ ಇರಬಹುದು.

ಅಂಥವರ ಬಗ್ಗೆ ಕಿರುಚಿತ್ರ ಮಾಡಬೇಕು ಅಂತಿರುವ ಪಿಯುಸಿ, ಡಿಗ್ರಿ ವಯಸ್ಸಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕೈದು ಜನರ ಗುಂಪು, ಒಂದು ಒಳ್ಳೆಯ ಮೊಬೈಲ್, ಕೆಲವು ವಾರಗಳ ಶನಿವಾರ ಭಾನುವಾರ ಇದ್ದರೆ ಸಾಕು. ಚಿತ್ರ 8ರಿಂದ 10 ನಿಮಿಷ ಇರಲಿ.

ಮೊದಲೇ ಒಂದು ಮಾತು. ಇಂಥ ಚಿತ್ರಗಳಲ್ಲಿ ಕಳೆದುಕೊಂಡ ದುಃಖವೊಂದೇ ತುಂಬಿಕೊಳ್ಳುವುದು ಜಾಸ್ತಿ. ದುಃಖ ಸುಳ್ಳಲ್ಲ. ಆದರೆ ಊರು ಬಿಟ್ಟು ಬಂದವರು ಅಲ್ಲಿಗೇ ನಿಂತುಬಿಡಲಿಲ್ಲ. ಹೊಸ ಜಾಗದಲ್ಲಿ ಒಲೆ ಹೂಡಿದರು, ಗಿಡ ನೆಟ್ಟರು, ದೇವರನ್ನು ಕೂರಿಸಿದರು, ಜಗಳವಾಡಿದರು, ಮಕ್ಕಳ ಮದುವೆ ಮಾಡಿದರು. ಬಂದ ಜಾಗವನ್ನು ಹೇಗೆ ತಮ್ಮದು ಮಾಡಿಕೊಂಡರು, ಅಥವಾ ಇಷ್ಟು ವರ್ಷವಾದರೂ ಅದು ಯಾಕೆ ತಮ್ಮದಾಗಲಿಲ್ಲ ಅನ್ನುವುದನ್ನೂ ನೀವು ಹಿಡಿಯಬೇಕು. ಮುಂದಿನ ಎಲ್ಲ ಹಂತಗಳೂ ಇದಕ್ಕಾಗಿಯೇ.

ಹಂತ 1: ನಮ್ಮ ಸೀಮೆಯಲ್ಲಿ ಯಾರು ಯಾಕೆ ನೆಲೆ ಬಿಟ್ಟರು, ತಿಳಿದುಕೊಳ್ಳಿ

ಕ್ಯಾಮೆರಾ ಮುಟ್ಟುವ ಮೊದಲು ಓದಿ, ಕೇಳಿ.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಮಂಡ್ಯದ ಹಳಬರು ಇವತ್ತಿಗೂ ಅದನ್ನು ಕನ್ನಂಬಾಡಿ ಕಟ್ಟೆ ಅಂತಲೇ ಕರೆಯುತ್ತಾರೆ. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಅದೇ ನೀರಿನಲ್ಲಿ ಮುಳುಗಿತು. ಜನ ಹೊಸಕನ್ನಂಬಾಡಿಗೆ ಬಂದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲುಗಳನ್ನು ಎಷ್ಟೋ ದಶಕಗಳ ನಂತರ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಮಂಡ್ಯದ ಗದ್ದೆಗಳು ಹಸಿರಾಗಿದ್ದು ಇದೇ ನೀರಿನಿಂದ. ಒಬ್ಬರ ಊರು ಮುಳುಗಿದ್ದಕ್ಕೆ ಇನ್ನೊಬ್ಬರ ಊರಿಗೆ ನೀರು ಬಂತು ಅನ್ನುವುದನ್ನು ಕೆಆರ್‌ಎಸ್ ಬಗ್ಗೆ ಚಿತ್ರ ಮಾಡುವವರು ಮರೆಯಬಾರದು.

ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಊರುಗಳ ಜೊತೆ ಕಾಡೂ ಮುಳುಗಿತು, ಆ ಕಾಡನ್ನೇ ನಂಬಿದ್ದ ಜೇನುಕುರುಬರು, ಕಾಡುಕುರುಬರು ಜಾಗ ಬಿಟ್ಟರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಒಳಗಿನ ಹಾಡಿಗಳ, ಅಂದರೆ ಆದಿವಾಸಿಗಳ ಊರುಗಳ, ಹಲವು ಕುಟುಂಬಗಳನ್ನು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ತಂದರು. ಕಾಡಿನ ಮೇಲಿನ ಹಕ್ಕನ್ನು ಒಪ್ಪುವ ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. ಇವರ ಹತ್ತಿರ ಮಾತಾಡಲು ಹೋಗುವವರು ಆ ಕಾಯ್ದೆಯ ಬಗ್ಗೆ ಸ್ವಲ್ಪವಾದರೂ ಓದಿರಬೇಕು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟನ್ನರು ಬಂದಿದ್ದು 1959ರ ನಂತರದ ವಲಸೆಯಲ್ಲಿ. ಮೈಸೂರು ಸರ್ಕಾರ ಕೊಟ್ಟ ಕಾಡು ಜಮೀನನ್ನು ಕಡಿದು ಹಸನು ಮಾಡಿ ನೆಲೆ ನಿಂತರು. ಪ್ರವಾಸಿಗರು ಗೋಲ್ಡನ್ ಟೆಂಪಲ್ ಅಂತ ಕರೆಯುವ ನಮ್‌ಡ್ರೋಲಿಂಗ್ ಮಠ ಶುರುವಾಗಿದ್ದು 1963ರಲ್ಲಿ. ಅಲ್ಲಿ ಹುಟ್ಟಿದ ಮೂರನೇ ತಲೆಮಾರಿನವರು ಈಗ ನಿಮ್ಮ ವಯಸ್ಸಿನವರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ಕತೆಯೇ ಬೇರೆ. ಅಲೆದಾಡುತ್ತಿದ್ದವರು ಒಂದು ಕಡೆ ನೆಲೆ ನಿಂತರು, ಈಗ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು.

ಇನ್ನು ‘ಸ್ಥಳಾಂತರ’ ಅಂತ ಯಾರೂ ಕರೆಯದ ಕತೆಗಳಿವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸ್‌ನಿಂದಾಗಿ ಮದ್ದೂರು, ಮಂಡ್ಯದ ಒಳಗೆ ಬರದೆ ಗಾಡಿಗಳು ಹೋಗತೊಡಗಿದವು. ಹಳೇ ರಸ್ತೆಯ ಪಕ್ಕದ ಹೋಟೆಲಿನವರು ಎಲ್ಲಿಗೂ ಹೋಗಿಲ್ಲ, ರಸ್ತೆಯೇ ಅವರನ್ನು ಬಿಟ್ಟು ಹೋಯಿತು. ಜಮೀನು ಕೊಟ್ಟ ಮೇಲೆ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಮೈಸೂರು ಸುತ್ತಲಿನ ಹಳ್ಳಿಗಳು, ಕಬ್ಬು ಕಡಿಯಲು ಹೊರಗಿನಿಂದ ಬಂದು ಗದ್ದೆ ಬದಿಯಲ್ಲಿ ಗುಡಿಸಲು ಹಾಕುವವರು, ಹಾಸ್ಟೆಲ್‌ಗೆ ಬಂದ ನಿಮ್ಮದೇ ಗೆಳತಿ. ಎಲ್ಲಕ್ಕಿಂತ ಹತ್ತಿರ, ಹದಿನಾರಕ್ಕೋ ಹದಿನೆಂಟಕ್ಕೋ ಮದುವೆಯಾಗಿ ನಿಮ್ಮ ಮನೆಗೆ ಬಂದ ಅಜ್ಜಿ. ಆ ಅಜ್ಜಿಯೂ ಒಂದು ಊರು ಬಿಟ್ಟೇ ಬಂದವರು, ಅಲ್ವಾ?

ನಿಮ್ಮ ಗುಂಪಿಗೆ ಇದು ಮೊದಲ ಚಿತ್ರವಾದರೆ ಆ ಅಜ್ಜಿಯಿಂದಲೇ ಶುರುಮಾಡಿ ಅಂತ ನನ್ನ ಗಟ್ಟಿ ಸಲಹೆ. ಬೇರೆಯವರ ಹಟ್ಟಿಗೆ ಕ್ಯಾಮೆರಾ ಹಿಡಿದು ಹೋಗುವ ಮೊದಲು ನಮ್ಮ ಮನೆಯವರನ್ನು ಕೇಳುವುದೇ ಎಷ್ಟು ಕಷ್ಟ ಅಂತ ಗೊತ್ತಾಗಬೇಕು.

ಹಂತ 2: ವಿಷಯವನ್ನು ಚಿಕ್ಕದು ಮಾಡಿ

‘ಕಬಿನಿ ಮುಳುಗಡೆ’ ಅನ್ನುವುದು ಹತ್ತು ನಿಮಿಷದ ಚಿತ್ರಕ್ಕೆ ವಿಷಯವಲ್ಲ. ಒಬ್ಬರು ಮನುಷ್ಯರು, ಒಂದು ಜಾಗ, ಈಗ ನಡೆಯುತ್ತಿರುವ ಒಂದು ಕೆಲಸ, ಈ ಮೂರು ಸಿಗುವವರೆಗೂ ಹುಡುಕಿ. ಹೀಗೆ:

‘ಕಾಡಿನಿಂದ ಹೊರಗೆ ಬಂದ ಒಬ್ಬ ತಾತ ಕುಲದೇವರಿಗೆ ವರ್ಷಕ್ಕೊಮ್ಮೆ ಪೂಜೆ ಮಾಡಲು ಹೊರಡುವ ತಯಾರಿಯಲ್ಲಿದ್ದಾರೆ.’

‘ಬೈಲಕುಪ್ಪೆಯ ಹುಡುಗಿ ಅಜ್ಜಿಯ ಹತ್ತಿರ ಟಿಬೆಟನ್, ತರಕಾರಿ ಅಂಗಡಿಯಲ್ಲಿ ಕನ್ನಡ ಮಾತಾಡುತ್ತಾಳೆ. ಮುಂದಿನ ತಿಂಗಳು ಓದಲು ಬೇರೆ ದೇಶಕ್ಕೆ ಹೋಗುತ್ತಿದ್ದಾಳೆ.’

‘ಹಳೇ ಹೆದ್ದಾರಿಯ ಟೀ ಅಂಗಡಿಯಲ್ಲಿ ಬೆಳಗಿನ ಜಾವದ ವ್ಯಾಪಾರ.’

ಹೀಗೆ ಒಂದೆರಡು ವಾಕ್ಯದಲ್ಲಿ ಬರೆದು ನೋಡಿ. ಈಗ ನಡೆಯುವುದು ಏನೂ ಇಲ್ಲದೆ ಬರೀ ‘ಹಿಂದೆ ಹೀಗಿತ್ತು’ ಅಂತಲೇ ಬಂದರೆ ವಿಷಯ ಇನ್ನೂ ಸಿಕ್ಕಿಲ್ಲ ಅಂತ ತಿಳಿಯಿರಿ. ಕ್ಯಾಮೆರಾಕ್ಕೆ ಸಿಗುವುದು ಈಗ ನಡೆಯುವುದು ಮಾತ್ರ.

ಹಂತ 3: ಮೊದಲ ಸಲ ಬರಿಗೈಲಿ ಹೋಗಿ

ಗೊತ್ತಿರುವವರ ಜೊತೆ ಹೋಗಿ. ಅಲ್ಲಿನ ಶಾಲೆ ಮೇಷ್ಟ್ರು, ಆಶಾ ಕಾರ್ಯಕರ್ತೆ, ನಿಮ್ಮದೇ ಕಾಲೇಜಿನಲ್ಲಿ ಓದುವ ಆ ಊರಿನ ಹುಡುಗ, ಯಾರಾದರೂ ಸರಿ. ಹಾಡಿಗೆ ಹೋದರೆ ಮೊದಲು ಯಜಮಾನರನ್ನು ಕಂಡು ಮಾತಾಡಿ. ಮಠಕ್ಕೆ ಹೋದರೆ ಕಚೇರಿಯಲ್ಲಿ ಕೇಳಿ. ಮೊಬೈಲ್ ಜೇಬಿನಲ್ಲೇ ಇರಲಿ.

ಪುನರ್ವಸತಿ ಕೇಂದ್ರದ ಜನ ಎಷ್ಟೋ ಸರ್ವೆಗಳನ್ನು ನೋಡಿದವರು. ಪುಸ್ತಕ ಹಿಡಿದು ಯಾರೇ ಬಂದರೂ ಹಕ್ಕುಪತ್ರಕ್ಕೋ ಮನೆಗೋ ಸಂಬಂಧಪಟ್ಟವರು ಅಂತ ಅಂದುಕೊಳ್ಳುತ್ತಾರೆ. ಅದಕ್ಕೇ ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಿ: ‘ನಾವು ಕಾಲೇಜು ಮಕ್ಕಳು. ಸರ್ಕಾರದ ಕಡೆಯವರಲ್ಲ. ಈ ಚಿತ್ರದಿಂದ ನಿಮಗೆ ಜಮೀನು, ಮನೆ ಕೊಡಿಸೋಕೆ ನಮ್ಮ ಕೈಲಾಗಲ್ಲ. ನಿಮ್ಮ ಕತೆ ಕೇಳೋಕೆ ಬಂದಿದ್ದೀವಿ.’ ಇದನ್ನು ಕೇಳಿ ಕೆಲವರು ಎದ್ದು ಹೋಗುತ್ತಾರೆ. ಅದು ಅವರ ಹಕ್ಕು. ಉಳಿದವರು ನಿಮ್ಮ ಜೊತೆ ನಿಜವಾಗಿ ಮಾತಾಡುತ್ತಾರೆ.

ಭಾಷೆಯ ಬಗ್ಗೆಯೂ ಆಗಲೇ ತೀರ್ಮಾನ ಮಾಡಿ. ಜೇನುಕುರುಬರಿಗೆ ಅವರ ನುಡಿಯಿದೆ, ಹಕ್ಕಿಪಿಕ್ಕಿಗಳಿಗೆ ವಾಗ್ರಿ ಇದೆ. ನಮಗೆ ಅನುಕೂಲ ಅಂತ ಅವರನ್ನು ಕನ್ನಡಕ್ಕೆ ಎಳೆಯಬೇಡಿ. ಮನೆಮಾತಿನಲ್ಲೇ ಹೇಳಲಿ, ಆ ಊರಿನ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಗುಂಪಿಗೆ ಸೇರಲಿ. ಅವರು ಬರೀ ಅನುವಾದ ಮಾಡಿಕೊಡುವವರಾಗಿ ಉಳಿಯದೆ, ಏನು ತೆಗೆಯಬೇಕು, ಏನು ಬಿಡಬೇಕು ಅಂತ ತೀರ್ಮಾನಿಸುವವರಲ್ಲೂ ಇರಬೇಕು.

ಹಂತ 4: ಒಪ್ಪಿಗೆ, ಅನುಮತಿ

ಒಪ್ಪಿಗೆಯನ್ನು ಮೂರು ಸಲ ಕೇಳಿ. ಚಿತ್ರೀಕರಣಕ್ಕೆ ಮೊದಲು, ಮುಗಿದ ದಿನ, ಎಡಿಟ್ ಮಾಡಿದ್ದನ್ನು ತೋರಿಸಿದ ಮೇಲೆ. ಮೂರನೇ ಸಲ ‘ಬೇಡ’ ಅಂದರೆ ಆ ಭಾಗ ತೆಗೆಯಲೇಬೇಕು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬೇಡ. ಹೆಬ್ಬೆಟ್ಟು ಒತ್ತಿದ್ದಕ್ಕೇ ನೆಲ ಹೋಯಿತು ಅನ್ನುವವರು ಅವರಲ್ಲಿ ಇರುತ್ತಾರೆ. ಬಾಯಿಮಾತಿನ ಒಪ್ಪಿಗೆಯನ್ನು ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿಟ್ಟುಕೊಂಡರೆ ಸಾಕು. 18 ತುಂಬದವರು ಚಿತ್ರದಲ್ಲಿದ್ದರೆ ಅವರ ಜೊತೆಗೆ ಅಪ್ಪ ಅಮ್ಮನನ್ನೂ ಕೇಳಬೇಕು.

ನಿಮ್ಮ ಚಿತ್ರದಿಂದ ಯಾರಿಗೆ ತೊಂದರೆಯಾಗಬಹುದು ಅಂತ ಕೂತು ಯೋಚಿಸಿ. ಕಾಡಿನೊಳಗೆ ಹೋಗಿ ಜೇನು, ಗೆಣಸು ತರುವುದನ್ನು ತೋರಿಸಿದರೆ ಅವರ ಮೇಲೆ ಕೇಸಾಗಬಹುದು. ಬೇಟೆಯ ಹಳೇ ನೆನಪನ್ನು ಹಕ್ಕಿಪಿಕ್ಕಿ ತಾತ ಸಂತೋಷದಿಂದ ಹೇಳಬಹುದು, ಆದರೆ 1972ರ ವನ್ಯಜೀವಿ ಕಾಯ್ದೆ ಇರುವಾಗ ಆ ಮಾತು ಅವರ ಮೊಮ್ಮಕ್ಕಳನ್ನು ಸಿಕ್ಕಿಸಬಹುದು. ಟಿಬೆಟನ್ನರ ಗುರುತಿನ ಕಾಗದಪತ್ರ, ಜಮೀನಿನ ಕೋರ್ಟ್ ಕೇಸು, ಇವುಗಳ ವಿವರ ಕ್ಯಾಮೆರಾ ಎದುರು ಕೇಳಬೇಡಿ. ರೇಷನ್ ಕಾರ್ಡು, ಆಧಾರ್ ತೋರಿಸುವಾಗ ನಂಬರ್ ಕಾಣದಂತೆ ನೋಡಿಕೊಳ್ಳಿ.

ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಣೆಕಟ್ಟಿನ ಮೇಲೆ, ಅದರ ಹತ್ತಿರ ಕ್ಯಾಮೆರಾ ತೆಗೆಯುವ ಮೊದಲು ನೀರಾವರಿ ಇಲಾಖೆಯವರನ್ನು ಕೇಳಿ. ಡ್ರೋನ್ ಆಸೆ ಬಿಟ್ಟುಬಿಡಿ. ಅನುಮತಿಯ ತಾಪತ್ರಯ ಒಂದು ಕಡೆ, ಮೇಲಿನಿಂದ ನೋಡಿದರೆ ಎಲ್ಲ ಊರೂ ಒಂದೇ ಥರ ಕಾಣುತ್ತದೆ ಅನ್ನುವುದು ಇನ್ನೊಂದು ಕಡೆ.

ಹಂತ 5: ಸಾಮಾನು ಸರಂಜಾಮು

ಮೊಬೈಲ್ ಅಡ್ಡ ಹಿಡಿಯಿರಿ. 1080ಪಿ ಸಾಕು, 4ಕೆ ಬೇಡ, ಜಾಗ ಬೇಗ ತುಂಬುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಡಲು ಬಂದರೆ ಅದನ್ನೇ ಇಡಿ, ಷಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ ತೆಗೆದರೂ ಚಿತ್ರ ಮಿಟುಕುವುದಿಲ್ಲ. ಮಾಮೂಲಿ ಕ್ಯಾಮೆರಾ ಆಪ್‌ನಲ್ಲಿ ಇದು ಸಿಗದಿದ್ದರೆ ಷಟರ್ ಬದಲಿಸಲು ಬಿಡುವ ಬೇರೆ ಆಪ್ ಹಾಕಿಕೊಳ್ಳಿ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಲೆನ್ಸ್ ಒರೆಸಿ. ಒಂದು ಟ್ರೈಪಾಡ್, ಪವರ್ ಬ್ಯಾಂಕ್ ಜೊತೆಗಿರಲಿ.

ದುಡ್ಡು ಖರ್ಚು ಮಾಡುವುದಾದರೆ ಕಾಲರ್ ಮೈಕಿಗೆ ಮಾಡಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಹಿನ್ನೀರಿನ ದಡದಲ್ಲಿ ಗಾಳಿ ಜೋರು. ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಗಾಳಿಗೆ ಬೆನ್ನು ಮಾಡಿ ಕೂರಿಸಿ. ಮನೆಯೊಳಗೆ ಫ್ಯಾನು, ಟಿವಿ ಆರಿಸಲು ಕೇಳಿಕೊಳ್ಳಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತುಗಳ ನಡುವೆ ಅದನ್ನು ತುಂಬಬೇಕಾಗುತ್ತದೆ.

ಹಂತ 6: ಕೇಳುವುದು

ಇಡೀ ಚಿತ್ರ ನಿಲ್ಲುವುದು ಇಲ್ಲೇ. ‘ಊರು ಮುಳುಗಿದಾಗ ನಿಮಗೆ ಹೇಗನ್ನಿಸಿತು?’ ಅಂತ ಕೇಳಿದರೆ ‘ಏನ್ ಮಾಡೋದಪ್ಪ, ಬೇಜಾರಾಯ್ತು’ ಅನ್ನುತ್ತಾರೆ. ಅಷ್ಟೇ. ಅದಕ್ಕಿಂತ ಹೆಚ್ಚು ಏನು ಹೇಳಲು ಸಾಧ್ಯ?

ಕಣ್ಣಿಗೆ ಕಾಣುವುದನ್ನು ಕೇಳಿ. ‘ಅಜ್ಜಿ, ಹಳೇ ಊರಲ್ಲಿ ನಿಮ್ಮ ಹಟ್ಟಿ ಬಾಗ್ಲು ಯಾವ ಕಡೆಗಿತ್ತು?’ ‘ಬಾಗ್ಲಲ್ಲಿ ನಿಂತ್ರೆ ಎದುರಿಗೆ ಏನ್ ಕಾಣ್ತಿತ್ತು?’ ‘ನೀರಿಗೆ ಎಲ್ಲಿಗೆ ಹೋಗ್ತಿದ್ರಿ, ಜೊತೆಗ್ಯಾರು ಬರ್ತಿದ್ರು?’ ‘ಬರುವಾಗ ಗಾಡೀಲಿ ಏನೇನ್ ಹಾಕೊಂಡ್ರಿ? ಏನನ್ನ ಬಿಟ್ಟು ಬಂದ್ರಿ?’ ಒರಳುಕಲ್ಲು, ಬಾಗಿಲ ಹೊಸಿಲು, ಸಾಕಿದ ನಾಯಿ, ಹಲಸಿನ ಮರ, ಹೀಗೆ ಒಂದೊಂದಾಗಿ ಬರುತ್ತವೆ. ಆಮೇಲೆ ಈಗಿನದನ್ನು ಕೇಳಿ. ‘ಇಲ್ಲಿಗೆ ಬಂದ್ಮೇಲೆ ಮೊದಲು ನೆಟ್ಟ ಗಿಡ ಯಾವ್ದು?’ ‘ಈ ಊರಲ್ಲಿ ನಿಮ್ಮನ್ನ ಮೊದಲು ಮಾತಾಡಿಸಿದವರು ಯಾರು?’ ‘ಯಾವ ಹಬ್ಬ ಇಲ್ಲಿ ಮಾಡೋಕಾಗಲ್ಲ?’ ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ.

ನನಗೆ ತುಂಬ ಇಷ್ಟವಾದ ಒಂದು ದಾರಿ ಇದೆ. ಅಂಗಳದಲ್ಲಿ ಕೂತು ಕಡ್ಡಿಯಿಂದಲೋ ರಂಗೋಲಿ ಪುಡಿಯಿಂದಲೋ ಹಳೇ ಊರಿನ ನಕ್ಷೆ ಬರೆಯಲು ಹೇಳಿ. ಇದು ಕೇರಿ, ಇದು ಮಾರಮ್ಮನ ಗುಡಿ, ಇಲ್ಲಿ ನಮ್ಮ ಕಣ. ಒಬ್ಬರು ಬರೆಯುತ್ತಿದ್ದರೆ ಪಕ್ಕದ ಮನೆಯವರು ಬಂದು ‘ಅಲ್ಲಲ್ಲ, ಬಾವಿ ಈ ಕಡೆಗಿತ್ತು’ ಅಂತ ಸೇರಿಕೊಳ್ಳುತ್ತಾರೆ. ಆ ಜಗಳ ನಡೆಯಲಿ, ಸುಮ್ನೆ ಕೈಗಳನ್ನೂ ಮುಖಗಳನ್ನೂ ತೆಗೆಯುತ್ತಾ ಇರಿ. ಇಲ್ಲದ ಊರು ಕಣ್ಣೆದುರಿಗೆ ಬರುವುದು ಇಂಥಲ್ಲೇ. ಬರೆಯುವವರು ಯಾರ ಕೇರಿಯನ್ನು ಬಿಟ್ಟರು ಅನ್ನುವುದನ್ನೂ ಗಮನಿಸಿ. ಮುಳುಗಿದ ಊರಿನಲ್ಲೂ ಊರ ಹೊರಗಿನ ಕೇರಿ ಇತ್ತು. ಆ ಕೇರಿಯವರಿಗೆ ಹೊಸ ಜಾಗ ಎಲ್ಲಿ ಸಿಕ್ಕಿತು ಅಂತ ಹೋಗಿ ಕೇಳಿ.

ಕೆಲಸ ನಿಲ್ಲಿಸಿ ಕುರ್ಚಿ ಮೇಲೆ ಕೂರಿಸಿದರೆ ಜನ ಬಿಗಿಯುತ್ತಾರೆ. ಅವರೆಕಾಯಿ ಹಿತುಕುತ್ತಾ, ಬೀಡಿ ಕಟ್ಟುತ್ತಾ, ಕರು ಮೈ ತೊಳೆಯುತ್ತಾ ಮಾತಾಡಲಿ. ಪ್ರಶ್ನೆ ಕೇಳುವವರು ಕ್ಯಾಮೆರಾ ಪಕ್ಕದಲ್ಲೇ, ಅವರ ಕಣ್ಣಿನ ಎತ್ತರಕ್ಕೆ ಕೂರಲಿ. ಅವರು ನೆಲದ ಮೇಲಿದ್ದರೆ ನೀವೂ ನೆಲದ ಮೇಲೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಿ. ಮುಖ್ಯವಾದ ಮಾತು ಎಷ್ಟೋ ಸಲ ಆಮೇಲೆ ಬರುತ್ತದೆ.

ಅತ್ತರೆ ಕ್ಯಾಮೆರಾ ಕೆಳಗಿಡಿ. ನೀರು ಕೊಡಿ, ಪಕ್ಕದಲ್ಲಿ ಕೂರಿ. ಸಮಾಧಾನವಾದ ಮೇಲೆ ಮುಂದುವರಿಸಬೇಕೋ ಬೇಡವೋ ಅವರೇ ಹೇಳಲಿ. ಅಳುವನ್ನು ಹತ್ತಿರದಿಂದ ತೆಗೆದ ಶಾಟ್ ನಿಮ್ಮ ಚಿತ್ರಕ್ಕೆ ಬೇಕಿಲ್ಲ. ‘ಅದನ್ನ ಇನ್ನೊಂದ್ಸಲ ಹೇಳಿ’ ಅಂತಂತೂ ಯಾವತ್ತೂ ಕೇಳಬೇಡಿ.

ಹಂತ 7: ಜಾಗವನ್ನು ತೆಗೆಯುವುದು

ಪ್ರತಿ ಜಾಗಕ್ಕೂ ದೂರದ್ದೊಂದು, ಮಧ್ಯದ್ದೊಂದು, ಹತ್ತಿರದ್ದೊಂದು ಶಾಟ್. ಒಂದೊಂದನ್ನೂ ಅಲುಗಾಡದೆ ಕನಿಷ್ಠ ಹತ್ತು ಸೆಕೆಂಡ್ ಹಿಡಿಯಿರಿ. ಮುಳುಗಡೆಯ ಚಿತ್ರವಾದರೆ ಬೇಸಿಗೆಯಲ್ಲಿ ಹೋಗಿ. ಹಿನ್ನೀರು ಇಳಿದಾಗ ಹಳೇ ನೆಲ, ಮರದ ಬೊಡ್ಡೆ, ಕಲ್ಲು ಕಾಣುತ್ತವೆ. ಊರಿನವರನ್ನೂ ಕರೆದುಕೊಂಡು ಹೋಗಿ, ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಕ್ಯಾಮೆರಾ ನಿಲ್ಲಲಿ. ಕೆಸರಿನ ಕಡೆ ಇಳಿಯಬೇಡಿ, ಹೂತುಕೊಳ್ಳುತ್ತದೆ.

ಹಳೇ ಫೋಟೊ ಇದ್ದರೆ ಕಿಟಕಿ ಬೆಳಕಿನಲ್ಲಿ, ಗಾಜಿನಿಂದ ತೆಗೆಸದೆ, ಓರೆಯಾಗಿ ನಿಂತು ತೆಗೆಯಿರಿ. ಬಹಳ ಮನೆಗಳಲ್ಲಿ ಫೋಟೊ ಇರುವುದಿಲ್ಲ. ಆ ಕೊರತೆಯನ್ನು ಎಐ ಚಿತ್ರಗಳಿಂದ ತುಂಬಲು ಹೋಗಬೇಡಿ. ಕಂಪ್ಯೂಟರ್ ಕಟ್ಟಿದ ಊರನ್ನು ನೋಡಿದ ಮೊಮ್ಮಗ ಅದೇ ತಾತನ ಊರು ಅಂತ ನಂಬಿಬಿಡುತ್ತಾನೆ. ಅಂಗಳದ ನಕ್ಷೆ, ಅಜ್ಜಿಯ ಮಾತು, ಇವತ್ತಿನ ನೀರು, ಇವೇ ಸಾಕು. ಭೂಮಾಪನ ಇಲಾಖೆಯ ಹಳೇ ಗ್ರಾಮ ನಕ್ಷೆ ಸಿಕ್ಕರೆ ಅದನ್ನು ಅಂಗಳದ ನಕ್ಷೆಯ ಪಕ್ಕದಲ್ಲಿ ತೋರಿಸಬಹುದು.

ಹಂತ 8: ಎಡಿಟಿಂಗ್

ಅವತ್ತೇ ರಾತ್ರಿ ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ಆಮೇಲೆ ಮಾತುಗಳನ್ನು ಕೇಳಿ ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಮುಖ್ಯ ಮಾತುಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ ಹಿಂದೆ ಮುಂದೆ ಜೋಡಿಸಿ ನೋಡಿ. ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಷಾಟ್‌ಕಟ್ ಸಿಗುತ್ತವೆ. ಮೊಬೈಲ್‌ನಲ್ಲೇ ಆದರೆ ವಿಎನ್, ಕೈನ್‌ಮಾಸ್ಟರ್.

ಹಳೇ ಊರಿನಿಂದ ಶುರುಮಾಡಿ ಹೊಸ ಊರಿಗೆ ಬರುವ ಜೋಡಣೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದನ್ನು ತಿರುಗಿಸಿ. ಇವತ್ತಿನ ಬೆಳಿಗ್ಗೆಯಿಂದ ಶುರುಮಾಡಿ, ಅವರ ಕೆಲಸ, ಮಾತು, ನಗು ನೋಡುಗರಿಗೆ ಪರಿಚಯವಾಗಲಿ. ಈ ಮನುಷ್ಯರನ್ನು ಇಷ್ಟಪಟ್ಟ ಮೇಲೆ ಅವರು ಏನು ಬಿಟ್ಟು ಬಂದರು ಅಂತ ತಿಳಿದರೆ ಅದು ನಾಟುತ್ತದೆ.

ಹಿನ್ನೆಲೆಯಲ್ಲಿ ದುಃಖದ ಕೊಳಲು ಬೇಡ. ಸಿನಿಮಾ ಹಾಡಂತೂ ಹಕ್ಕುಸ್ವಾಮ್ಯದ ತೊಂದರೆ ತರುತ್ತದೆ. ಆ ಊರಿನವರೇ ಸೋಬಾನೆ ಹಾಡಿದ್ದರೆ, ಹಾಡಿಯ ಹಾಡು ಸಿಕ್ಕಿದ್ದರೆ, ಅವರನ್ನು ಕೇಳಿ ಬಳಸಿ, ಹಾಡಿದವರ ಹೆಸರು ಹಾಕಿ. ನಿರೂಪಣೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ವರ್ಷ, ಅಣೆಕಟ್ಟಿನ ಹೆಸರು, ಕಾಯ್ದೆ, ಇಂಥವನ್ನು ತೆರೆಯ ಮೇಲೆ ಒಂದು ಸಾಲಿನಲ್ಲಿ ಬರೆದರಾಯಿತು. ‘ಮುಗ್ಧ ಜನರು’, ‘ಪಾಪದವರು’ ಅನ್ನುವ ಮಾತು ಎಲ್ಲಿ ಬಂದರೂ ಹೊಡೆದು ಹಾಕಿ. ಕನ್ನಡ ಸಬ್‌ಟೈಟಲ್ ಎರಡು ಸಾಲು ಮೀರದಿರಲಿ, ನಿಧಾನವಾಗಿ ಓದುವವರಿಗೂ ಸಮಯ ಸಿಗಲಿ.

ಹಂತ 9: ಮೊದಲು ಅವರಿಗೇ ತೋರಿಸಿ

ಕಾಲೇಜಿಗಿಂತ ಮೊದಲು, ಸ್ಪರ್ಧೆಗಿಂತ ಮೊದಲು, ಆ ಊರಿಗೆ ಹೋಗಿ. ಕೆಲಸ ಮುಗಿಸಿ ಎಲ್ಲರೂ ಊಟ ಮಾಡಿದ ಮೇಲೆ ಶಾಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ. ಪ್ರೊಜೆಕ್ಟರನ್ನು ಕಾಲೇಜಿನಿಂದ ಕೇಳಿ ತನ್ನಿ, ಕರೆಂಟು ಹೋದರೆ ಅಂತ ಲ್ಯಾಪ್‌ಟಾಪೂ ಇರಲಿ. ಚಿತ್ರದಲ್ಲಿರುವವರಿಗೆ ಹಿಂದಿನ ದಿನವೇ ಮನೆಯಲ್ಲಿ ತೋರಿಸಿರಬೇಕು. ಎಲ್ಲರ ಎದುರು ತಮ್ಮ ಮುಖವನ್ನು ಮೊದಲ ಸಲ ನೋಡುವ ಕಷ್ಟ ಯಾರಿಗೂ ಬೇಡ.

ಮುಗಿದ ಮೇಲೆ ನೀವು ಭಾಷಣ ಮಾಡಬೇಡಿ, ಕೇಳಿಸಿಕೊಳ್ಳಿ. ‘ಅವರ ಮನೆ ತೋರಿಸಿದ್ದೀರಿ, ನಮ್ಮದ್ಯಾಕಿಲ್ಲ?’ ಅನ್ನುವವರೂ ಇರುತ್ತಾರೆ, ‘ಆ ವರ್ಷ ಅಲ್ಲ, ಅದಕ್ಕೂ ಮುಂಚೆ’ ಅನ್ನುವವರೂ ಇರುತ್ತಾರೆ. ಎಲ್ಲ ಬರೆದುಕೊಂಡು ಬಂದು ತಿದ್ದಿ. ಊರಿನ ಹುಡುಗರು ‘ಮುಂದಿನದು ನಾವೇ ಮಾಡ್ತೀವಿ’ ಅಂದರೆ ಮೈಕು ಅವರ ಹತ್ತಿರವೇ ಬಿಟ್ಟು ಬನ್ನಿ.

ಯೂಟ್ಯೂಬಿಗೆ ಹಾಕುವ ಮೊದಲು ಮತ್ತೆ ಕೇಳಿ. ಊರಲ್ಲಿ ತೋರಿಸಲು ಒಪ್ಪಿದವರು ಲೋಕವೆಲ್ಲ ನೋಡಲಿ ಅಂತ ಒಪ್ಪಿರುವುದಿಲ್ಲ. ಹಾಕಿದರೆ ಕಾಮೆಂಟ್ ಮುಚ್ಚಿಡಿ. ನಿರಾಶ್ರಿತರ ಬಗ್ಗೆ, ಆದಿವಾಸಿಗಳ ಬಗ್ಗೆ ಕೆಟ್ಟದಾಗಿ ಬರೆಯುವವರಿಗೆ ಜಾಗ ಕೊಡಬೇಕಿಲ್ಲ. ಥಿಯೇಟರ್‌ನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಕ್ಕೆ ಕಳಿಸುವುದಾದರೆ ನಿಯಮಗಳನ್ನು ಸಂಘಟಕರ ಹತ್ತಿರವೇ ಕೇಳಿ ತಿಳಿಯಿರಿ.

ಕೊನೆಯ ಕೆಲಸ, ಕಾಪಿಗಳು. ಹತ್ತು ನಿಮಿಷದ ಚಿತ್ರದ ಜೊತೆ, ಎಡಿಟ್ ಮಾಡದ ಪೂರ್ತಿ ಮಾತುಕತೆಯನ್ನೂ ಪೆನ್‌ಡ್ರೈವ್‌ಗೆ ಹಾಕಿ ಆಯಾ ಮನೆಗೆ ಕೊಡಿ. ಫೈಲಿನ ಹೆಸರಿನಲ್ಲಿ ಮಾತಾಡಿದವರು, ಊರು, ತಾರೀಖು ಕನ್ನಡದಲ್ಲೇ ಇರಲಿ. ಅವರು ಒಪ್ಪಿದರೆ ಇನ್ನೊಂದು ಕಾಪಿ ಆ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ. ಪೆನ್‌ಡ್ರೈವ್ ವರ್ಷಗಟ್ಟಲೆ ಬಾಳಿಕೆ ಬರುವುದಿಲ್ಲ, ಹಾಗಾಗಿ ಗುಂಪಿನಲ್ಲಿ ಒಬ್ಬರು ಹಾರ್ಡ್‌ಡಿಸ್ಕಿನ ಜವಾಬ್ದಾರಿ ತೆಗೆದುಕೊಂಡು ಅವರ ಫೋನ್ ನಂಬರನ್ನು ಆ ಮನೆಯವರಿಗೆ ಬರೆದುಕೊಟ್ಟು ಬನ್ನಿ.